‘ದಿಸ್ ಈಸ್ 40’ ನೋಡಬಹುದಾ? ಒಬ್ಬರು ಬೋರ್ ಅಂತಾರೆ, ಇನ್ನೊಬ್ಬರು ನಮ್ಮನೆ ಕಥೆ ಅಂತಾರೆ

ನಿಮಗೆ 39, ಹೆಂಡತಿ ಜೊತೆ ಕೂತು ಈ ಸಿನಿಮಾ ನೋಡೋಣ ಅಂತಿದ್ದೀರಿ, ಜನರ ಅಭಿಪ್ರಾಯ ಓದಿ ತಲೆ ಕೆಟ್ಟಿದೆ ಅಂತ ಬರೆದಿದ್ದೀರಿ. ನಾನು ಎರಡು ಸಲ ನೋಡಿದ್ದೇನೆ. ಮೊದಲ ಸಲ ನನಗೆ 29. ಅರ್ಧಕ್ಕೇ ನಿಲ್ಲಿಸಿಬಿಟ್ಟೆ. ಇಷ್ಟು ದೊಡ್ಡ ಮನೆ ಇಟ್ಟುಕೊಂಡು ಚಿತ್ರದ ಈ ಗಂಡ-ಹೆಂಡತಿಗೇನು ರೋಗ ಅನ್ನಿಸಿತ್ತು. ಎರಡನೇ ಸಲ 40 ದಾಟಿದ ಮೇಲೆ, ನಮ್ಮವರ ಜೊತೆ. ಈ ಸಲ ಪೂರ್ತಿ ನೋಡಿದೆವು, ಆದರೆ ಮೂರು ರಾತ್ರಿ ಬೇಕಾಯಿತು. ಒಂದು ದಿನ ಮಗಳಿಗೆ ಟೆಸ್ಟ್, ಇನ್ನೊಂದು ದಿನ ಇವರು ಕೂತಲ್ಲೇ ಗೊರಕೆ.

ಇದು ನಿರ್ದೇಶಕ ಜಡ್ ಆಪಟೌ ಅವರ 2012ರ ಚಿತ್ರ. ಅವರದೇ 2007ರ ‘ನಾಕ್ಡ್ ಅಪ್’ನಲ್ಲಿ ನಾಯಕಿಯ ಅಕ್ಕ-ಭಾವ ಆಗಿದ್ದ ಡೆಬಿ ಮತ್ತು ಪೀಟ್ ಇಲ್ಲಿ ಮುಖ್ಯ ಜೋಡಿ. ಇಬ್ಬರಿಗೂ ಒಂದೇ ವಾರದಲ್ಲಿ 40 ತುಂಬುತ್ತದೆ. ಡೆಬಿ ಮಾತ್ರ 38 ಅಂತಲೇ ಹಟ ಹಿಡಿದಿರುತ್ತಾಳೆ. ಅವನದು ಹಳೇ ರಾಕ್ ಗಾಯಕರ ಹಾಡು ಹೊರತರುವ, ನಷ್ಟದಲ್ಲಿರುವ ಕಂಪನಿ. ಅವಳದು ಬಟ್ಟೆ ಅಂಗಡಿ, ಅಲ್ಲೂ ಕಳ್ಳತನ. ಇಬ್ಬರು ಹೆಣ್ಣುಮಕ್ಕಳು.

‘ಕಥೆಯೇ ಇಲ್ಲ’ ಅನ್ನುವವರ ಮಾತು ನಿಜ. ಜಗಳ, ರಾಜಿ, ಮತ್ತೆ ಜಗಳ, ಅಷ್ಟೇ. ಅದಕ್ಕೆ 2 ಗಂಟೆ 14 ನಿಮಿಷ ಜಾಸ್ತಿಯೇ ಆಯಿತು. ‘ದುಡ್ಡಿದ್ದವರ ಗೋಳು’ ಅನ್ನುವ ದೂರನ್ನೂ ಒಪ್ಪುತ್ತೇನೆ. ಸಾಲ ಕುತ್ತಿಗೆಗೆ ಬಂದು ಮನೆ ಮಾರುವ ಮಾತು ಬಂದರೂ ವ್ಯಾಯಾಮ ಮಾಡಿಸಲು ಟ್ರೇನರ್ ಬೇಕು, ರೆಸಾರ್ಟ್ ಬೇಕು.

ಆದರೆ ಟಾಯ್ಲೆಟ್ ದೃಶ್ಯ ಒಂದಿದೆ. ಪೀಟ್ ಐಪ್ಯಾಡ್ ಹಿಡಿದು ಒಳಗೆ ಕೂತಿರುತ್ತಾನೆ. ಡೆಬಿ ಬಾಗಿಲು ತೆಗೆದು ಅಲ್ಲೇ ನಿಂತು ವಿಚಾರಣೆ ಶುರು ಮಾಡುತ್ತಾಳೆ. ನಾನು ನಕ್ಕು ನಕ್ಕು ಪಕ್ಕಕ್ಕೆ ತಿರುಗಿದರೆ ನಮ್ಮವರು ಟಿವಿ ಬಿಟ್ಟು ಫ್ಯಾನ್ ನೋಡುತ್ತಿದ್ದರು. ನಮ್ಮ ಬಾತ್‌ರೂಮ್ ಕಿಟಕಿಯಲ್ಲಿ ಒಂದು ಸೋಪಿನ ಡಬ್ಬಿ ಇದೆ. ಅದರಲ್ಲಿ ಇವತ್ತಿನವರೆಗೂ ನಾನು ಸೋಪು ಕಂಡಿಲ್ಲ. ಮೊಬೈಲ್ ಒರಗಿಸಿಡೋಕೆ ಸರಿಯಾದ ಅಳತೆ, ಅಷ್ಟೇ.

ಡೆಬಿ ಬರೀ ಕಿರುಚುತ್ತಾಳೆ ಅಂತ ಬಹಳ ಜನ ಬರೆದಿದ್ದಾರೆ. ಅವಳ ಹಿಂದೆ ಏನೇನು ನಡೆಯುತ್ತಿದೆ ಅಂತ ನೋಡಿದರೆ ಕಿರುಚದೆ ಇನ್ನೇನು ಮಾಡಬೇಕು ಹೇಳಿ? ಡೆಬಿ ಆಗಿರುವ ಲೆಸ್ಲಿ ಮ್ಯಾನ್ ನಿಜಜೀವನದಲ್ಲಿ ನಿರ್ದೇಶಕರ ಹೆಂಡತಿ. ತೆರೆಯ ಮೇಲಿನ ಮಕ್ಕಳು, ಮಾಡ್ ಮತ್ತು ಐರಿಸ್, ಅವರ ಸ್ವಂತ ಹೆಣ್ಣುಮಕ್ಕಳು. ಅಕ್ಕ-ತಂಗಿ ಜಗಳ ಅಷ್ಟು ಸಲೀಸಾಗಿ ಬಂದಿರುವುದು ಸುಮ್ನೆ ಅಲ್ಲ. ನನಗೆ ತುಂಬಾ ಹಿಡಿಸಿದ್ದು ಶಾಲೆಯ ದೃಶ್ಯ. ಮಗಳ ಕ್ಲಾಸಿನ ಹುಡುಗನನ್ನು ಡೆಬಿ ಬೈದು ಅಳಿಸುತ್ತಾಳೆ, ಆಮೇಲೆ ವೈಸ್ ಪ್ರಿನ್ಸಿಪಾಲರ ಮುಂದೆ ಗಂಡ-ಹೆಂಡತಿ ಏನೂ ಗೊತ್ತಿಲ್ಲದವರ ಹಾಗೆ ಕೂರುತ್ತಾರೆ. ಹುಡುಗನ ತಾಯಿ ಆಗಿರುವ ಮೆಲಿಸ್ಸಾ ಮೆಕಾರ್ಥಿ ಸಿಟ್ಟಿನಲ್ಲಿ ಬಾಯಿಗೆ ಬಂದದ್ದೆಲ್ಲ ಆಡಿ ತಾವೇ ಕೆಟ್ಟವರಾಗುತ್ತಾರೆ. ಚಿತ್ರದುದ್ದಕ್ಕೂ ಕಚ್ಚಾಡುವ ಜೋಡಿ ಕೂಡಿ ಸುಳ್ಳು ಹೇಳುವಾಗ ಮಾತ್ರ ಎಂಥ ಹೊಂದಾಣಿಕೆ ಅಂತೀರಿ!

ಆಮೇಲೆ ದುಡ್ಡಿನ ವಿಷಯ. ಪೀಟ್ ಹೆಂಡತಿಗೆ ಹೇಳದೆ ಎರಡು ವರ್ಷದಲ್ಲಿ ಅಪ್ಪನಿಗೆ ಸುಮಾರು 80,000 ಡಾಲರ್ ಕೊಟ್ಟಿರುತ್ತಾನೆ. ಅಪ್ಪನ ಪಾತ್ರದಲ್ಲಿ ನಟ ಆಲ್ಬರ್ಟ್ ಬ್ರೂಕ್ಸ್. ಎರಡನೇ ಮದುವೆ, ಇಳಿವಯಸ್ಸಲ್ಲಿ ತ್ರಿವಳಿ ಗಂಡುಮಕ್ಕಳು. ಅವರ ಒಂದೊಂದು ಮಾತಿಗೂ ನಗು ಬರುತ್ತದೆ, ಕಪಾಳಕ್ಕೆ ಕೊಡಬೇಕು ಅಂತಲೂ ಅನ್ನಿಸುತ್ತದೆ. ನಮ್ಮಲ್ಲಿ ಅಪ್ಪನಿಗೆ ದುಡ್ಡು ಕೊಟ್ಟರೆ ಯಾರೂ ತಪ್ಪು ಅನ್ನಲ್ಲ. ಎಷ್ಟು ಕೊಟ್ಟೆ ಅನ್ನುವುದಷ್ಟೇ ಬಾಯಿಗೆ ಬರಲ್ಲ, ಅಲ್ವಾ? ಇಲ್ಲಿಗೆ ಬಂದಾಗ ನನ್ನ ನಗು ನಿಂತಿತು. ಎರಡು ವರ್ಷದ ಹಿಂದೆ ನಾನು ಚೀಟಿ ಎತ್ತಿ ತಮ್ಮನಿಗೆ ಕೊಟ್ಟಿದ್ದೆ. ಮನೆಯಲ್ಲಿ ‘ಚೀಟಿ ಇನ್ನೂ ನಡೀತಿದೆ’ ಅಂತ ಹೇಳಿದ್ದೇನೆ. ಒಂದರ್ಥದಲ್ಲಿ ನಿಜವೇ, ಕಂತು ಇನ್ನೂ ಕಟ್ಟುತ್ತಿದ್ದೇನೆ! ನಮ್ಮವರು ‘ಪಾಪ ಡೆಬಿ’ ಅಂದರು. ನಾನು ನೀರು ಕುಡಿಯಲು ಎದ್ದು ಹೋದೆ.

ಡೆಬಿಯೂ ಏನು ಕಡಿಮೆ ಇಲ್ಲ, ಬಸುರಿ ಅಂತ ಗೊತ್ತಾದರೂ ಗಂಡನಿಗೆ ಹೇಳುವುದನ್ನು ಮುಂದೂಡುತ್ತಲೇ ಇರುತ್ತಾಳೆ. ಕೊನೆಯಲ್ಲಿ ಎಲ್ಲ ಬೇಗ ಬೇಗ ಸರಿಹೋಗುತ್ತದೆ, ಸಾಲ ಹಾಗೇ ಇದ್ದರೂ. ಅದು ನನಗೆ ಸೇರಲಿಲ್ಲ.

ನೋಡಿ, ಆದರೆ ಮಕ್ಕಳು ಮಲಗಿದ ಮೇಲೆ. ಮೊದಲ ದೃಶ್ಯವೇ ಸ್ನಾನದ ಮನೆಯದು, ಕೆಟ್ಟ ಮಾತಂತೂ ಲೆಕ್ಕವಿಲ್ಲ. ಎರಡು ರಾತ್ರಿಗೆ ಭಾಗ ಮಾಡಿಕೊಳ್ಳಿ. ಶಾಲೆಯ ಆ ತಾಯಿಯ ಇನ್ನಷ್ಟು ಬೈಗುಳ ಕೊನೆಯಲ್ಲಿ ಹೆಸರುಗಳ ಜೊತೆ ಬರುತ್ತದೆ, ಬೇಗ ಆಫ್ ಮಾಡಬೇಡಿ. ಮತ್ತೆ ಹೆಂಡತಿಗೆ ಹೇಳದ ಲೆಕ್ಕ ಏನಾದರೂ ಇದ್ದರೆ, ಆಲ್ಬರ್ಟ್ ಬ್ರೂಕ್ಸ್ ಬರುವ ಹೊತ್ತಿಗೆ ಕೈಗೆ ಸಿಗುವ ಹಾಗೆ ನೀರಿನ ಚೊಂಬು ಇಟ್ಟುಕೊಂಡಿರಿ.