ಓದುಗರ ಪ್ರಶ್ನೆ: ಹಿಸ್ಸೆಯಾದ ಮನೆಯ ಬಂಗಾರ ಕೊಳ್ಳಬಹುದೇ?

ಪ್ರಶ್ನೆ: ನನ್ನ ಮಗಳು ಅಮೆರಿಕದಲ್ಲಿದ್ದಾಳೆ. ಅಲ್ಲಿ ಹಿರಿಯರು ತೀರಿಕೊಂಡ ಮೇಲೆ ಮನೆಯ ಸಾಮಾನುಗಳನ್ನೆಲ್ಲ ಮನೆಯಲ್ಲಿಯೇ ಮಾರುವ ‘ಎಸ್ಟೇಟ್ ಸೇಲ್’ ಎಂಬ ಪದ್ಧತಿಯಿದ್ದು, ಅವಳು ಅಂಥ ಕಡೆ ಹಳೆಯ ಚಿನ್ನದ ಒಡವೆಗಳನ್ನು ಹುಡುಕಿ ಕೊಳ್ಳುತ್ತಾಳೆ. ನಮ್ಮೂರಿನಲ್ಲಿಯೂ ಹಿಸ್ಸೆಯಾಗಿ ಮನೆ ಬಿಟ್ಟು ಹೋಗುವವರು ಒಡವೆ ಮಾರುವುದುಂಟು. ಈಗ ಪರಿಚಯದ ಮನೆಯೊಂದರಲ್ಲಿ, ತೀರಿಕೊಂಡ ಅಮ್ಮನ ಬೋರಮಾಳ ಸರ ಮತ್ತು ಒಂದು ಜೊತೆ ಪಾಟ್ಲಿ ಬಳೆ ಮಾರಾಟಕ್ಕಿವೆ. ಬಿಲ್ಲೂ ಇಲ್ಲ, ಹಾಲ್‌ಮಾರ್ಕೂ ಇಲ್ಲ. ಕೊಳ್ಳಬಹುದೇ?
– ಓದುಗರೊಬ್ಬರು, ಶಿರಸಿ

ಉತ್ತರ: ಕೊಳ್ಳಬಹುದು. ಆದರೆ ಒಡವೆಯನ್ನು ಒರೆಗಲ್ಲಿಗೆ ಹಚ್ಚುವುದಕ್ಕಿಂತ ಮೊದಲು, ಅದು ಈಗ ಯಾರ ಸ್ವತ್ತು ಎಂಬುದನ್ನು ತಿಳಿದುಕೊಳ್ಳಿ. ಅಮೆರಿಕದ ಮಾರಾಟಗಳಲ್ಲಿ ಸಾಮಾನ್ಯವಾಗಿ ವಿಲ್ ಜಾರಿಗೊಳಿಸುವ ಹೊಣೆ ಹೊತ್ತವರೋ ವಾರಸುದಾರರೋ ಒಂದು ಕಂಪನಿಗೆ ಕೆಲಸ ಒಪ್ಪಿಸುತ್ತಾರೆ; ಕಂಪನಿಯವರು ಬೆಲೆಚೀಟಿ ಅಂಟಿಸಿ, ತಮ್ಮ ಕಮಿಷನ್ ಹಿಡಿದುಕೊಂಡು, ಕೊನೆಯ ದಿನ ಉಳಿದದ್ದನ್ನು ಬೆಲೆ ಇಳಿಸಿ ಮಾರುತ್ತಾರೆ. ಹೀಗಾಗಿ ಮಾರುವ ಹಕ್ಕಿನ ಪ್ರಶ್ನೆ ಗಿರಾಕಿ ಬಾಗಿಲಿಗೆ ಬರುವ ಮೊದಲೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ನಮ್ಮಲ್ಲಿ ಅಂಥ ಮಧ್ಯಸ್ಥರಿಲ್ಲ. ಜಗಲಿಯ ಮೇಲೆ ಕುಳಿತು ಹಿರಿಯ ಮಗನೊಬ್ಬನೇ ಮಾತು ಮುಗಿಸಿಬಿಡುತ್ತಾನೆ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸಿನ ಒಡವೆಗೆ ಅವಳೇ ಪೂರ್ಣ ಒಡತಿ. ಅವಳು ವಿಲ್ ಬರೆಯದೆ ತೀರಿಕೊಂಡರೆ ಗಂಡ, ಗಂಡುಮಕ್ಕಳು ಮತ್ತು ಹೆಣ್ಣುಮಕ್ಕಳು ಸಮಪಾಲಿಗೆ ಬರುತ್ತಾರೆ. ಮಕ್ಕಳಲ್ಲಿ ಯಾರಾದರೂ ಮೊದಲೇ ತೀರಿಕೊಂಡಿದ್ದರೆ ಅವರ ಪಾಲು ಅವರ ಮಕ್ಕಳಿಗೆ ಸೇರುತ್ತದೆ. ಮದುವೆಯಾಗಿ ಕುಮಟೆಗೋ ಹುಬ್ಬಳ್ಳಿಗೋ ಹೋದ ಮಗಳನ್ನು ಒಂದು ಮಾತೂ ಕೇಳದೆ ಅಮ್ಮನ ಸರವನ್ನು ಮಾರುವುದು ನಮ್ಮ ಮನೆಗಳಲ್ಲಿ ಇಂದಿಗೂ ನಡೆಯುತ್ತಿದೆ. ಅದು ಅನ್ಯಾಯ, ಕೊಂಡವರಿಗೂ ಅದರಿಂದ ತೊಂದರೆ ತಪ್ಪಿದ್ದಲ್ಲ. ಆದ್ದರಿಂದ ಎಲ್ಲ ವಾರಸುದಾರರ ಒಪ್ಪಿಗೆಯ ಸಹಿ ಇರುವ ಒಂದು ಪತ್ರವನ್ನು ಕೇಳಿ ಪಡೆಯಿರಿ. ಅದರಲ್ಲಿ ಒಡವೆಯ ವಿವರ, ತೂಕ, ಬೆಲೆ, ತಾರೀಕುಗಳಿರಲಿ, ಒಡವೆಯ ಫೋಟೊವೂ ಜೊತೆಗಿರಲಿ. ಸಹಿ ಹಾಕಲು ಯಾರಾದರೂ ಹಿಂದೆಮುಂದೆ ನೋಡಿದರೆ ವ್ಯವಹಾರವನ್ನು ಅಲ್ಲಿಗೇ ಬಿಡಿ. ಗುರುತಿಲ್ಲದವರು ಅಗ್ಗಕ್ಕೆ ತಂದುಕೊಟ್ಟ ಬಂಗಾರವನ್ನಂತೂ ಮುಟ್ಟಲೇಬೇಡಿ. ಕಳವಿನ ಮಾಲೆಂದು ನಂಬಲು ಕಾರಣವಿದ್ದೂ ಕೊಂಡರೆ, ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನ ಪ್ರಕಾರ ಅದು ಅಪರಾಧವಾಗುತ್ತದೆ.

ಇನ್ನು ಒಡವೆಯ ಮಾತು. ಬೋರಮಾಳದ ಗುಂಡುಗಳು ಟೊಳ್ಳು. ಒಳಗೆ ಅರಗು ತುಂಬಿರುತ್ತದೆ. ಸರ 30 ಗ್ರಾಂ ತೂಗಿ, ಅರಗು ಮತ್ತು ದಾರ ಸೇರಿ 10 ಗ್ರಾಂ ಇದೆಯೆಂದುಕೊಳ್ಳಿ. ಉಳಿದ 20 ಗ್ರಾಂ ಚಿನ್ನ 20 ಕ್ಯಾರೆಟ್ಟಿನದಾಗಿದ್ದರೆ, ಸಾವಿರಕ್ಕೆ 833 ಪಾಲಿನ ಲೆಕ್ಕದಲ್ಲಿ ಅದರಲ್ಲಿರುವ ಅಪ್ಪಟ ಚಿನ್ನ 16.66 ಗ್ರಾಂ ಮಾತ್ರ. ಇಡೀ 30 ಗ್ರಾಂಗೆ ಪೇಟೆಯ 22 ಕ್ಯಾರೆಟ್ ದರವನ್ನು ಹಿಡಿದು ಲೆಕ್ಕ ಹಾಕುವವರಿದ್ದಾರೆ, ಅದಕ್ಕೆ ಒಪ್ಪಬೇಡಿ. ಪಾಟ್ಲಿ ಗಟ್ಟಿಯದಾಗಿದ್ದರೆ ನೀರಿನ ತೂಕದಿಂದ ಒಂದು ಅಂದಾಜು ಸಿಗುತ್ತದೆ. 30 ಗ್ರಾಮಿನ 22 ಕ್ಯಾರೆಟ್ ಪಾಟ್ಲಿಯನ್ನು ದಾರದಲ್ಲಿ ತೂಗುಹಾಕಿ ನೀರಿನಲ್ಲಿ ಮುಳುಗಿಸಿ ತೂಗಿದಾಗ ಸುಮಾರು 1.7 ಗ್ರಾಂ ಕಡಿಮೆ ತೋರಿಸಬೇಕು. ಹಿತ್ತಾಳೆಯಾದರೆ ಮೂರೂವರೆ ಗ್ರಾಮಿನಷ್ಟು ಕಡಿಮೆಯಾಗುತ್ತದೆ. ಅರಗು ತುಂಬಿದ ಒಡವೆಗೆ ಈ ಪರೀಕ್ಷೆ ಸಲ್ಲದು.

ಹಳೆಯದೆಲ್ಲ ಅಪ್ಪಟವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ, ಆದರೆ ಅದಕ್ಕೆ ಆಧಾರವಿಲ್ಲ. 1963ರ ಜನವರಿಯಲ್ಲಿ ಬಂದ ಚಿನ್ನ ನಿಯಂತ್ರಣ ನಿಯಮಗಳು 14 ಕ್ಯಾರೆಟ್ಟಿಗಿಂತ ಹೆಚ್ಚು ಶುದ್ಧತೆಯ ಒಡವೆ ಮಾಡುವುದನ್ನೇ ನಿಷೇಧಿಸಿದ್ದವು. ಆ ನಿರ್ಬಂಧ 1966ರಲ್ಲಿ ತೆರವಾಯಿತು. ಆ ನಡುವಿನ ವರ್ಷಗಳಲ್ಲಿ ಮದುವೆಗೆಂದು ಮಾಡಿಸಿದ ಒಡವೆಯಾದರೆ ವಿಶೇಷ ಎಚ್ಚರ ಬೇಕು. ಹಳೆಯ ಕೆಲಸದಲ್ಲಿ ಬೆಸುಗೆಯೂ ಹೆಚ್ಚು. ಬೆಸುಗೆಯ ಲೋಹದಲ್ಲಿ ತಾಮ್ರ, ಬೆಳ್ಳಿಗಳು ಬೆರೆತಿರುವುದರಿಂದ ಕರಗಿಸಿದಾಗ ಶುದ್ಧತೆ ಇನ್ನೂ ಇಳಿಯುತ್ತದೆ. ಅಂಗಡಿಯ ಕ್ಯಾರೆಟ್ ಯಂತ್ರ ಓದುವುದು ಮೇಲ್ಪದರವನ್ನು ಮಾತ್ರ. ಆದ್ದರಿಂದ ಮಾರುವವರನ್ನೂ ಜೊತೆಗೆ ಕರೆದುಕೊಂಡು, ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನ್ಯತೆ ಪಡೆದ ಪರೀಕ್ಷಾ ಕೇಂದ್ರಕ್ಕೆ ಹೋಗಿ ವರದಿ ಪಡೆಯುವುದು ಸರಿಯಾದ ದಾರಿ. 2022ರಲ್ಲಿ ಪ್ರಕಟವಾದ ದರದಂತೆ ನಾಲ್ಕು ಒಡವೆಗಳವರೆಗೆ ಪರೀಕ್ಷೆಗೆ 200 ರೂಪಾಯಿ ಶುಲ್ಕವಿತ್ತು. ಸಾವಿರಾರು ರೂಪಾಯಿಯ ಅನುಮಾನ ಅಷ್ಟರಲ್ಲಿ ಪರಿಹಾರವಾಗುತ್ತದೆ. ಹಾಲ್‌ಮಾರ್ಕ್ ಇಲ್ಲವೆಂಬ ಒಂದೇ ಕಾರಣಕ್ಕೆ ಒಡವೆಯನ್ನು ಅನುಮಾನಿಸಬೇಕಿಲ್ಲ. ಅದು ಕಡ್ಡಾಯವಾಗತೊಡಗಿದ್ದು 2021ರ ಜೂನ್ 16ರಿಂದ, ಅದೂ ಅಂಗಡಿಗಳ ಮಾರಾಟಕ್ಕೆ.

ಬೆಲೆಯನ್ನು ಅಪ್ಪಟ ಚಿನ್ನದ ತೂಕದ ಮೇಲೆಯೇ ಕಟ್ಟಿ. ಮಜೂರಿ ಮತ್ತು ಅಂಗಡಿಯಲ್ಲಿ ತೆರಬೇಕಾದ ಶೇ. 3ರ ಜಿಎಸ್‌ಟಿ ಉಳಿಯುವುದೇ ನಿಮಗಾಗುವ ನ್ಯಾಯವಾದ ಲಾಭ. ಕೈಕೆಲಸ ನಿಜವಾಗಿಯೂ ಚೆನ್ನಾಗಿದ್ದು, ಕರಗಿಸದೆ ಧರಿಸುವ ಮನಸ್ಸಿದ್ದರೆ ಸ್ವಲ್ಪ ಹೆಚ್ಚು ಕೊಟ್ಟರೂ ತಪ್ಪಿಲ್ಲ. ಅಂಥ ಗುಂಡು ಕಟ್ಟುವ ಸೊನಗಾರರು ಈಗ ಕಡಿಮೆಯಾಗಿದ್ದಾರೆ. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ, ಏಕೆಂದರೆ ಒಂದು ವ್ಯವಹಾರದಲ್ಲಿ ಎರಡು ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ. ತೀರ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವ ಮೊದಲು ಇದನ್ನೂ ಗಮನಿಸಿ: ಸಂಬಂಧಿಕರಲ್ಲದವರಿಂದ ಮಾರುಕಟ್ಟೆ ಮೌಲ್ಯಕ್ಕಿಂತ 50,000 ರೂಪಾಯಿಗೂ ಹೆಚ್ಚು ಕಡಿಮೆಗೆ ಒಡವೆ ಕೊಂಡರೆ, ಆ ವ್ಯತ್ಯಾಸವು ನಿಮ್ಮ ಆದಾಯವೆಂದು ಪರಿಗಣಿತವಾಗುತ್ತದೆ.

ನಿಮ್ಮ ಮಗಳಿಗೂ ಒಂದು ಮಾತು ತಿಳಿಸಿ. ಅಲ್ಲಿನ ಒಡವೆಗಳ ಮೇಲೆ ಸಾಮಾನ್ಯವಾಗಿ ಕಾಣುವ 14ಕೆ, 10ಕೆ ಗುರುತುಗಳೆಂದರೆ ಸಾವಿರಕ್ಕೆ ಸುಮಾರು 585 ಮತ್ತು 417 ಪಾಲು ಚಿನ್ನ. ಕೊಂಡಿಯ ಹಿಂದೆ ‘ಜಿಎಫ್’ ಎಂಬ ಅಕ್ಷರಗಳಿದ್ದರೆ ಅದು ಬೇರೆ ಲೋಹದ ಮೇಲೆ ಚಿನ್ನದ ಹೊದಿಕೆಯಿರುವ ಒಡವೆ. ಭೂತಗನ್ನಡಿಯಿಲ್ಲದೆ ಅಂಥ ಮಾರಾಟಕ್ಕೆ ಹೋಗುವುದರಲ್ಲಿ ಅರ್ಥವಿಲ್ಲ.

ಪ್ರಶ್ನೆ: ಕೊಂಡ ಹಳೆಯ ಮನೆಯನ್ನು ಕೀಳಿಸುವಾಗ ತಳಪಾಯದ ಮಣ್ಣಿನಲ್ಲಿ ಬಂಗಾರ ಸಿಕ್ಕರೆ ಅದು ಯಾರಿಗೆ ಸೇರುತ್ತದೆ?
– ಓದುಗರೊಬ್ಬರು, ಹೊನ್ನಾವರ

ಉತ್ತರ: ಮನೆ ಕೊಂಡ ಮಾತ್ರಕ್ಕೆ ಅದು ನಿಮ್ಮದಾಗುವುದಿಲ್ಲ, ಕೆಲಸದವರದ್ದೂ ಆಗುವುದಿಲ್ಲ. ನಮ್ಮ ರಾಜ್ಯದಲ್ಲಿ 1962ರ ನಿಧಿ ಕಾಯ್ದೆಯಿದೆ. ಸಿಕ್ಕದ್ದನ್ನು ಇದ್ದಂತೆಯೇ ಇಟ್ಟು, ಕಾರವಾರದ ಜಿಲ್ಲಾಧಿಕಾರಿ ಕಚೇರಿಗೆ ಬರಹದಲ್ಲಿ ತಿಳಿಸಿ.

ಪ್ರಶ್ನೆ: ಅಡವಿಟ್ಟು ಬಿಡಿಸಿಕೊಳ್ಳದ ಬಂಗಾರದ ಹರಾಜಿನಲ್ಲಿ ಕೊಳ್ಳುವುದು ಮನೆಗಳಲ್ಲಿ ಕೊಳ್ಳುವುದಕ್ಕಿಂತ ಸುರಕ್ಷಿತವೇ?
– ಓದುಗರೊಬ್ಬರು, ಅಂಕೋಲಾ

ಉತ್ತರ: ಹಕ್ಕಿನ ವಿಷಯದಲ್ಲಿ ಹೆಚ್ಚು ಸುರಕ್ಷಿತ. ಸಾಲ ಕೊಟ್ಟ ಸಂಸ್ಥೆ ಸಾಲಗಾರರಿಗೆ ನೋಟಿಸು ಕಳಿಸಿ, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಹರಾಜು ಮಾಡುವುದರಿಂದ ನಿಮ್ಮ ಕೈಗೆ ರಸೀದಿ ಬರುತ್ತದೆ. ಶುದ್ಧತೆಯ ವಿಷಯದಲ್ಲಿ ಅದೇ ಭರವಸೆ ಬೇಡ. ಒಡವೆಯನ್ನು ಇದ್ದ ಸ್ಥಿತಿಯಲ್ಲೇ ಕೊಳ್ಳಬೇಕೆಂಬ ಷರತ್ತು ಅಲ್ಲಿ ಸಾಮಾನ್ಯ. ಹರಾಜಿಗೆ ಮೊದಲು ನೋಡಲು ಅವಕಾಶ ಕೊಡುವ ಹೊತ್ತಿಗೆ ನಂಬಿಕೆಯ ಸೊನಗಾರರೊಬ್ಬರನ್ನು ಕರೆದುಕೊಂಡು ಹೋಗಿ, ಕಲ್ಲು, ಅರಗುಗಳನ್ನು ಕಳೆದು ನಿವ್ವಳ ತೂಕ ಎಷ್ಟೆಂದು ಬರೆದಿದ್ದಾರೆಯೇ ನೋಡಿ, ನಿಮ್ಮ ಗರಿಷ್ಠ ಬೆಲೆಯನ್ನು ಮನೆಯಲ್ಲಿಯೇ ನಿಗದಿಪಡಿಸಿಕೊಂಡು ಹೋಗಿ. ಕೂಗು ಅದನ್ನು ದಾಟಿದರೆ ಎದ್ದು ಬನ್ನಿ.