ಕೆಲಸ ಬಿಡೋ ಮಾತು ಆಮೇಲೆ, ಮೊದಲು ಒಪ್ಪಂದ ಓದಿ

ಪಿಯು ಕಾಲೇಜಲ್ಲಿ ಕನ್ನಡ ಪಾಠ ಮಾಡ್ತೀರಿ, ನಾಟಕ ಬರೀತೀರಿ, ಈಗ ಹದಿಹರೆಯದವರಿಗೆ ಕಾದಂಬರಿ ಬರೆಯೋಕೆ ಕೆಲಸ ಬಿಡಬೇಕಾ ಅಂತ ಕೇಳಿದ್ದೀರಿ. ಓದಿ ನಗು ಬಂತು, ತಪ್ಪು ತಿಳೀಬೇಡಿ. ಇದೇ ಲೆಕ್ಕ ಹಾಕುತ್ತಾ ನಾನೂ ನಿದ್ದೆ ಕೆಡಿಸಿಕೊಂಡವನೇ. ಏಟು ಬಿದ್ದದ್ದು ಮಾತ್ರ ಬೇರೆ ಕಡೆಯಿಂದ.

ಕಾಲೇಜಿನ ವಾರ್ಷಿಕೋತ್ಸವಕ್ಕೆ ಒಂದು ನಾಟಕ ಬರೆದಿದ್ದೆ. ತಾಯಿ-ಮಗಳ ಜಗಳ. ಮಗಳ ಬಾಯಲ್ಲಿ "ನನಗೂ ನನ್ನದೇ ಬದುಕು ಇದೆಯಮ್ಮಾ" ಅಂತ ಶುರುವಾಗುವ ಉದ್ದ ಮಾತು. ತಾಲೀಮಿನಲ್ಲಿ ಆ ಪಾತ್ರದ ಹುಡುಗಿ, "ಸರ್, ಹೀಗೆ ಯಾರೂ ಮಾತಾಡಲ್ಲ" ಅಂದಳು.

"ಮತ್ತೆ ಏನಂತಾರೆ?"

"ಏನೂ ಅನ್ನಲ್ಲ ಸರ್. ಫೋನ್ ಮಗುಚಿ ಇಟ್ಟು ಊಟ ಮಾಡ್ತಾರೆ."

ಮಾತು ಹೊಡೆದು ಹಾಕಿದೆ, ಫೋನ್ ಸೇರಿಸಿದೆ. ಆ ದೃಶ್ಯಕ್ಕೆ ಸಭೆಯಲ್ಲಿ ಸದ್ದೇ ಇರಲಿಲ್ಲ. ಆ ಮಗಳೇ ನನ್ನ ತಲೆಯಲ್ಲಿ ಕಾದಂಬರಿಯಾಗಿ ಬೆಳೆದಳು.

ಅಷ್ಟರಲ್ಲಿ ಒಬ್ಬ ಪ್ರಕಾಶಕರು ನಾಟಕ ಅಚ್ಚು ಹಾಕ್ತೀವಿ ಅಂದರು. ಒಂದೇ ಹಾಳೆಯ ಒಪ್ಪಂದ. ಒಂದಿಷ್ಟು ಗೌರವ ಪ್ರತಿ, ಸಣ್ಣ ಗೌರವಧನ, ಕೊನೆಯಲ್ಲಿ "ಕೃತಿಯ ಎಲ್ಲ ಹಕ್ಕುಗಳೂ ಶಾಶ್ವತವಾಗಿ ಪ್ರಕಾಶಕರದು". ಪುಸ್ತಕ ಬರುತ್ತಲ್ಲ ಅನ್ನೋ ಖುಷಿಗೆ ಸಹಿ ಹಾಕಿದೆ. ಮುದ್ರಿಸೋ ಹಕ್ಕಷ್ಟೇ ಕೊಟ್ಟೆ ಅಂದುಕೊಂಡಿದ್ದೆ. ಅಲ್ಲ. ನಾಟಕ ಆಡಿಸುವ ಹಕ್ಕು ಬೇರೆ, ಅನುವಾದದ ಹಕ್ಕು ಬೇರೆ, ರೂಪಾಂತರದ ಹಕ್ಕು ಬೇರೆ. ನಾಟಕವನ್ನು ಕಾದಂಬರಿ ಮಾಡೋದೂ 1957ರ ಕಾಪಿರೈಟ್ ಕಾಯ್ದೆಯಲ್ಲಿ ರೂಪಾಂತರವೇ. ಎಲ್ಲದರ ಜೊತೆ ಅದೂ ಹೋಯಿತು. ಇನ್ನೂ ಹೊಟ್ಟೆ ಉರಿಯೋ ಸಂಗತಿ ಕೇಳಿ: ಒಪ್ಪಂದದಲ್ಲಿ ಅವಧಿಯನ್ನೇ ಬರೆಯದಿದ್ದರೆ ಅದು 5 ವರ್ಷಕ್ಕೆ ಮಾತ್ರ ಅಂತ ಅದೇ ಕಾಯ್ದೆ ಹೇಳುತ್ತೆ. ಸುಮ್ನೆ ಬಿಟ್ಟಿದ್ದರೂ ನನಗೆ ವಾಪಸ್ ಬರ್ತಿತ್ತು! ಕಾದಂಬರಿ ಅರ್ಧ ಆದಮೇಲೆ ಅನುಮತಿ ಕೇಳಿದೆ. ಕೊಡಲಿಲ್ಲ. ವಕೀಲ ಗೆಳೆಯ ಹಾಳೆ ನೋಡಿ, "ಸಹಿ ಹಾಕುವಾಗ ಕನ್ನಡಕ ಮನೇಲಿತ್ತಾ?" ಅಂದ. ಹಸ್ತಪ್ರತಿ ಇನ್ನೂ ಬೀರುವಿನಲ್ಲಿದೆ.

ಇನ್ನು ನಿಮ್ಮ ಕೆಲಸ. ಬಿಡಬೇಡಿ. 150 ರೂಪಾಯಿಯ ಪುಸ್ತಕ, ಸಾವಿರ ಪ್ರತಿ, ನೂರಕ್ಕೆ 10ರಂತೆ ರಾಯಲ್ಟಿ ಅಂತಿಟ್ಟುಕೊಳ್ಳಿ. ಅಷ್ಟೂ ಮಾರಾಟವಾದರೂ ಸಿಗೋದು 15,000. ಬರೀ ದುಡ್ಡಿನ ಮಾತೂ ಅಲ್ಲ. ಕಂಬಾರರು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಲೇ ನಾಟಕ ಬರೆದರು. ಎಚ್.ಎಸ್. ವೆಂಕಟೇಶಮೂರ್ತಿಯವರು ಕಾಲೇಜು ಮೇಷ್ಟ್ರಾಗಿದ್ದುಕೊಂಡೇ ಮಕ್ಕಳಿಗೆ ನಾಟಕ, ಪದ್ಯ ಕೊಟ್ಟರು. ನಿಮ್ಮೆದುರು ದಿನಾ ಹದಿನಾರು-ಹದಿನೇಳರ ಮಕ್ಕಳು ಕೂತಿರ್ತಾರೆ. ಅವರನ್ನು ಬಿಟ್ಟು ಮನೇಲಿ ಕೂತು ಅವರ ಬಗ್ಗೇನೇ ಬರೀತೀನಿ ಅಂದರೆ ಹೇಗೆ ಸ್ವಾಮಿ? ಸಮಯ ಸಾಲಲ್ಲ ಅನ್ನೋದೂ ಅರ್ಧ ನೆಪ. ಮೌಲ್ಯಮಾಪನದ ದಿನಗಳು ಬಿಟ್ಟರೆ ಬೆಳಗ್ಗೆ ಒಂದು ಗಂಟೆ ಸಿಗುತ್ತೆ, ನನಗೆ ಸಿಕ್ಕಿದೆ.

ನಾಟಕವನ್ನು ಈಗಾಗಲೇ ಯಾರಿಗಾದರೂ ಕೊಟ್ಟಿದ್ದೀರಾ? ಹಾಗಿದ್ದರೆ ಇವತ್ತೇ ಆ ಕಾಗದ ಹುಡುಕಿ ತೆಗೆಯಿರಿ. ಕೊಟ್ಟಿಲ್ಲ ಅಂದರೆ ಮುದ್ರಣದ ಹಕ್ಕು ಮಾತ್ರ, ಇಂತಿಷ್ಟು ವರ್ಷಕ್ಕೆ ಮಾತ್ರ ಅಂತ ಬರೆಸಿ. "ನಮ್ಮಲ್ಲಿ ಎಲ್ಲರಿಗೂ ಹೀಗೇ ಸಾರ್" ಅಂತಾರೆ. ಅನ್ನಲಿ, ಬೇರೆ ಪ್ರಕಾಶಕರಿದ್ದಾರೆ.