ಮತದ ಲೆಕ್ಕ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: 2018ರ ವಿಧಾನಸಭೆ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಮತ ಹೆಚ್ಚು, ಬಿಜೆಪಿಗೆ ಸೀಟು ಹೆಚ್ಚು ಬಂದವು ಎಂದರೆ ಮಕ್ಕಳು ನಂಬುವುದಿಲ್ಲ. ಬೋರ್ಡಿನ ಮೇಲೆ ತೋರಿಸಲು ಸುಲಭದ ಉದಾಹರಣೆ ಕೊಡಿ.
– ಶಿಕ್ಷಕಿ, ಹುಬ್ಬಳ್ಳಿ

ಉತ್ತರ: ಮೂರು ಕ್ಷೇತ್ರ ಬರೆಯಿರಿ, ಒಂದೊಂದರಲ್ಲಿ 1,000 ಮತ. ಮೊದಲೆರಡು ಕ್ಷೇತ್ರಗಳಲ್ಲಿ ‘ಅ’ ಪಕ್ಷಕ್ಕೆ 400, ‘ಬ’ಗೆ 350, ‘ಕ’ಗೆ 250. ಮೂರನೆಯದರಲ್ಲಿ ‘ಅ’ಗೆ 100, ‘ಬ’ಗೆ 700, ‘ಕ’ಗೆ 200. ಈಗ ಕೂಡಿಸಲು ಹೇಳಿ. ‘ಬ’ಗೆ 1,400 ಮತ, ಸೀಟು ಒಂದು. ‘ಅ’ಗೆ 900 ಮತ, ಸೀಟು ಎರಡು. ಮೂರನೇ ಕ್ಷೇತ್ರದಲ್ಲಿ ‘ಬ’ ರಾಶಿ ಹಾಕಿಕೊಂಡ ಹೆಚ್ಚುವರಿ ಮತ ಪಕ್ಕದ ಕ್ಷೇತ್ರಕ್ಕೆ ಹರಿಯುವುದಿಲ್ಲ, ಅಷ್ಟೇ.

2018ರಲ್ಲಿ ಆದದ್ದೂ ಇದೇ. ಮೇ ತಿಂಗಳಲ್ಲಿ ಮತದಾನ ನಡೆದ 222 ಕ್ಷೇತ್ರಗಳಲ್ಲಿ ಸುಮಾರು ಶೇ 38 ಮತ ಪಡೆದ ಕಾಂಗ್ರೆಸ್ಸಿಗೆ 78 ಸ್ಥಾನ, ಸುಮಾರು ಶೇ 36 ಪಡೆದ ಬಿಜೆಪಿಗೆ 104. ಇದಕ್ಕಿಂತ ಸ್ವಾರಸ್ಯದ ಸಂಗತಿ 2023ರದು: ಬಿಜೆಪಿಯ ಪಾಲು ಹೆಚ್ಚುಕಡಿಮೆ ಅದೇ ಶೇ 36, ಸ್ಥಾನ ಮಾತ್ರ 66ಕ್ಕೆ ಇಳಿಯಿತು. ಜೆಡಿಎಸ್ ಮತ ಶೇ 18ರ ಆಸುಪಾಸಿನಿಂದ 13ಕ್ಕೆ ಕುಸಿದು, ಕಾಂಗ್ರೆಸ್ ಸುಮಾರು 43ಕ್ಕೆ ಏರಿತು. ನಿಮ್ಮ ಮತ ಕದಲದಿದ್ದರೂ ಎದುರಿನವರ ಮತ ಒಂದೆಡೆ ಸೇರಿದರೆ ಸೀಟು ಹೋಗುತ್ತದೆ. ಟಿವಿಯ ಸಮೀಕ್ಷೆಗಳು ಶೇಕಡಾವಾರು ಹೇಳಿ ಸೀಟಿಗೆ ಜಿಗಿಯುವಾಗ ಎಡವುವುದು ಇಲ್ಲಿಯೇ.

ಪ್ರಶ್ನೆ: ಮೊದಲ ಸಲ ಬೂತ್ ಏಜೆಂಟ್ ಆಗಿ ಕೂಡ್ರಾಕ ಹೇಳ್ಯಾರ್ರಿ. ಲೆಕ್ಕ ನನಗ ಅಷ್ಟಕ್ಕಷ್ಟ. ಏನೇನು ಬರಕೋಬೇಕು?
– ಹಿರೇಕೆರೂರು ತಾಲ್ಲೂಕಿನ ಓದುಗ

ಉತ್ತರ: ಕೂಡಿಸುವುದು, ಕಳೆಯುವುದು ಬಂದರೆ ಸಾಕು. ಆದರೆ ಬೇಗ ಹೋಗಬೇಕು: ಮತದಾನ ಬೆಳಿಗ್ಗೆ 7ಕ್ಕಾದರೆ ಯಂತ್ರ ಸರಿಯಿದೆಯೇ ಎಂದು ನೋಡುವ ಅಣಕು ಮತದಾನ 5.30ಕ್ಕೆ. ನೋಟಾ ಸೇರಿ ಎಲ್ಲ ಗುಂಡಿಗಳನ್ನೂ ಒತ್ತಿ ಕನಿಷ್ಠ 50 ಮತ ಹಾಕುತ್ತಾರೆ. ಯಾರಿಗೆ ಎಷ್ಟು ಎಂಬುದನ್ನು ಗೆರೆ ಎಳೆದು ಬರೆದುಕೊಳ್ಳಿ. ಕಂಟ್ರೋಲ್ ಯೂನಿಟ್ (ಮತ ದಾಖಲಾಗುವ ಯಂತ್ರ) ತೋರಿಸುವ ಫಲಿತಾಂಶ, ವಿವಿಪ್ಯಾಟ್ (ಹಾಕಿದ ಮತವನ್ನು ಚೀಟಿಯಲ್ಲಿ ಮುದ್ರಿಸುವ ಯಂತ್ರ) ಚೀಟಿಗಳ ಎಣಿಕೆ, ನಿಮ್ಮ ಗೆರೆ ಮೂರೂ ಒಂದಾಗಬೇಕು. ಆಮೇಲೆ ‘ಕ್ಲಿಯರ್’ ಒತ್ತಿ ಒಟ್ಟು ಸೊನ್ನೆ ತೋರಿಸಬೇಕು, ವಿವಿಪ್ಯಾಟ್ ಪೆಟ್ಟಿಗೆಯಿಂದ ಅಣಕು ಚೀಟಿ ತೆಗೆಯಬೇಕು. ಅವಸರದಲ್ಲಿ ತಪ್ಪುವುದು ಇವೆರಡೇ. ಕ್ಲಿಯರ್ ಮರೆತರೆ ಆ 50 ಮತ ಸಂಜೆಯ ಒಟ್ಟಿನಲ್ಲಿ ಕೂತಿರುತ್ತವೆ, ಎಣಿಕೆಯ ದಿನ ಆ ಯಂತ್ರ ಪಕ್ಕಕ್ಕೆ ಹೋಗುತ್ತದೆ. ಸೊನ್ನೆಯನ್ನು ಕಣ್ಣಾರೆ ಕಂಡ ಮೇಲೆ ಯಂತ್ರಗಳ ನಂಬರು, ಸೀಲಿನ ನಂಬರು ಬರೆದುಕೊಳ್ಳಿ.

ಸಂಜೆ ಸಮಯ ಮುಗಿದಾಗ ಸಾಲಿನಲ್ಲಿ ನಿಂತವರಿಗೆಲ್ಲ ನಂಬರಿನ ಚೀಟಿ ಸಿಗುತ್ತದೆ, ಅದೂ ಕಟ್ಟಕಡೆಯವರಿಂದ ಶುರು. ಸಂಜೆ 5ರ ಶೇಕಡಾವಾರಿಗೂ ರಾತ್ರಿಯದಕ್ಕೂ ವ್ಯತ್ಯಾಸ ಬರಲು ಇದೊಂದು ಕಾರಣ; ಹಗಲಿನ ಅಂಕಿಗಳು ಅಂದಾಜಿನವು ಎಂಬುದು ಇನ್ನೊಂದು.

ಕೊನೆಗೆ 17ಸಿ ನಮೂನೆ, ಅಂದರೆ ನಿಮ್ಮ ಮತಗಟ್ಟೆಯಲ್ಲಿ ಬಿದ್ದ ಮತಗಳ ಲೆಕ್ಕದ ಹಾಳೆ. ಇದರ ಸಹಿ ಇರುವ ಪ್ರತಿ ಕೈಗೆ ಬರುವವರೆಗೆ ಏಳಬೇಡಿ. ಒಂದು ಉದಾಹರಣೆ: ಮತದಾರರ ರಿಜಿಸ್ಟರಿನಲ್ಲಿ 874 ಜನರ ಸಹಿ ಇದೆ, ಸಹಿ ಮಾಡಿದ ಇಬ್ಬರು ಮತ ಹಾಕಲು ಒಲ್ಲೆ ಎಂದು ಹೋಗಿದ್ದಾರೆ. ಯಂತ್ರ 872 ತೋರಿಸಬೇಕು. ತಮ್ಮ ಹೆಸರಿನಲ್ಲಿ ಬೇರೆ ಯಾರೋ ಮತ ಹಾಕಿ ಹೋದದ್ದಕ್ಕೆ ಟೆಂಡರ್ ಮತ ಹಾಕಿದವರನ್ನು ಇದರಲ್ಲಿ ಕೂಡಿಸಬೇಡಿ, ಅದು ಕಾಗದದ ಮತ, ಲೆಕ್ಕ ಬೇರೆ. ಎಣಿಕೆಯ ದಿನ ನಿಮ್ಮ ಪಕ್ಷದ ಏಜೆಂಟರ ಕೈಯಲ್ಲಿ ಈ ಪ್ರತಿ ಇರಲಿ. ಯಂತ್ರದ ನಂಬರು, ಒಟ್ಟು ಮತ ಎರಡನ್ನೂ ತಾಳೆ ನೋಡದೆ ಅಭ್ಯರ್ಥಿವಾರು ಅಂಕಿಗೆ ಹೋಗಬಾರದು.

ಒಂದೆರಡು ಮತದ ತಪ್ಪಿಗೆ ಇಷ್ಟೇಕೆ ಎನ್ನಬೇಡಿ. ನಿಮ್ಮ ಹಿರೇಕೆರೂರಿನಲ್ಲೇ 2018ರ ಅಂತರ 555. ಮತಗಟ್ಟೆ 220 ಎಂದು ಹಿಡಿದರೆ ಒಂದಕ್ಕೆ ಎರಡೂವರೆ ಮತ. ಗೆದ್ದವರ ಕಡೆಯ 278 ಜನ ಮನಸ್ಸು ಬದಲಿಸಿದ್ದರೆ ಫಲಿತಾಂಶವೇ ತಿರುಗುತ್ತಿತ್ತು. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಒಂದೇ ಮತ ನಿರ್ಧರಿಸಿತು.

ಪ್ರಶ್ನೆ: ನಮ್ಮೂರಿನಲ್ಲಿ ಮತದಾನ ಶೇ 70ರಿಂದ 73ಕ್ಕೆ ಏರಿತೆಂದು ಸನ್ಮಾನ ಮಾಡಿದರು. ನಿಜಕ್ಕೂ ಹೆಚ್ಚು ಜನ ಬಂದಿದ್ದರೇ?
– ಗದಗ

ಉತ್ತರ: ಶೇಕಡಾವಾರು ನೋಡಿ ಹೇಳಲಾಗದು. 1,000 ಹೆಸರಿನ ಪಟ್ಟಿಯಲ್ಲಿ 700 ಜನ ಬಂದರೆ ಶೇ 70. ತೀರಿಹೋದ, ಊರು ಬಿಟ್ಟ 50 ಜನರ ಹೆಸರು ತೆಗೆದು ಪಟ್ಟಿ 950 ಆದರೆ, ಅದೇ 700 ಜನ ಬಂದರೂ ಶೇ 73.7. ತಲೆ ಎಣಿಕೆ ಕೇಳಿ.

ಪ್ರಶ್ನೆ: ಮಹದಾಯಿ ವಿಷಯದಲ್ಲಿ ಒಬ್ಬರು 13.42 ಟಿಎಂಸಿ ಸಿಕ್ಕಿದೆ ಎನ್ನುತ್ತಾರೆ, ಇನ್ನೊಬ್ಬರು ಬರೀ 3.9 ಎನ್ನುತ್ತಾರೆ. ಯಾರದು ಸುಳ್ಳು?
– ರೈತ, ನವಲಗುಂದ

ಉತ್ತರ: ಇಬ್ಬರದೂ ನಿಜ, ಇಬ್ಬರೂ ಅರ್ಧ ಹೇಳುತ್ತಿದ್ದಾರೆ. 2018ರ ಆಗಸ್ಟ್‌ನಲ್ಲಿ ಮಹದಾಯಿ ನದಿ ನೀರು ಹಂಚಿಕೆಯ ನ್ಯಾಯಮಂಡಳಿ ಕರ್ನಾಟಕಕ್ಕೆ ಕೊಟ್ಟ ಒಟ್ಟು 13.42ರಲ್ಲಿ 8.02 ವಿದ್ಯುತ್ ಉತ್ಪಾದನೆಗೆ, 1.5 ಮಹದಾಯಿ ಕಣಿವೆಯೊಳಗಿನ ಬಳಕೆಗೆ. ಮಲಪ್ರಭೆಗೆ ತಿರುಗಿಸಲು ಉಳಿದದ್ದು ಕಳಸಾ ಹಳ್ಳದ 1.72, ಬಂಡೂರಿ ಹಳ್ಳದ 2.18, ಸೇರಿ 3.9.

ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,832 ಕೋಟಿ ಲೀಟರ್. 3.9ನ್ನು 365 ದಿನಕ್ಕೆ ಹಂಚಿದರೆ ದಿನಕ್ಕೆ 30 ಕೋಟಿ ಲೀಟರ್ ಚಿಲ್ಲರೆ. ತಲೆಗೆ 135 ಲೀಟರಿನಂತೆ, ಸೋರಿಕೆ ಬಿಟ್ಟು, 22 ಲಕ್ಷ ಜನರಿಗೆ ಆದೀತು. ಹೊಲಕ್ಕೆ ಬಿಟ್ಟರೆ ಸುಮಾರು 89,500 ಎಕರೆಯಲ್ಲಿ ಒಂದು ಅಡಿ ನೀರು ನಿಲ್ಲುತ್ತದೆ, ಒಮ್ಮೆ ಮಾತ್ರ. ಮಲಪ್ರಭೆಯ ನವಿಲುತೀರ್ಥ ಜಲಾಶಯದ ಸಾಮರ್ಥ್ಯ 37.73 ಟಿಎಂಸಿ, ಅದರ ಹತ್ತನೇ ಒಂದು ಭಾಗ ಇದು. ಹುಬ್ಬಳ್ಳಿಯ ಭಾಷಣದಲ್ಲಿ ನಲ್ಲಿಗೂ ನವಲಗುಂದದ ಭಾಷಣದಲ್ಲಿ ಕಾಲುವೆಗೂ ಅದೇ 3.9 ಹೋಗುತ್ತಿದ್ದರೆ, ಎದ್ದು ನಿಂತು ‘ಯಾವುದಕ್ಕೆ ಎಷ್ಟು?’ ಎಂದು ಕೇಳಿ.

ಪ್ರಶ್ನೆ: ಠೇವಣಿ ಉಳಿಯಲು ಆರನೇ ಒಂದು ಭಾಗ ಮತ ಬೇಕಂತೆ. ನೋಟಾ ಸೇರಿಸಿಯೋ, ಬಿಟ್ಟೋ?
– ರಾಣೆಬೆನ್ನೂರು

ಉತ್ತರ: ಬಿಟ್ಟು. ಒಟ್ಟು 1,51,800ರಲ್ಲಿ ನೋಟಾ 1,800 ಇದ್ದರೆ ಸಿಂಧು ಮತ 1,50,000, ಆರನೇ ಒಂದು 25,000. ನೋಟಾ ಸೇರಿಸಿದವರು 25,300 ಎಂದು ಲೆಕ್ಕ ಹಾಕಿ, 25,100 ಪಡೆದವರ ಠೇವಣಿ ಹೋಯಿತೆಂದು ಪಟಾಕಿ ಹೊಡೆಯುತ್ತಾರೆ! ಆರನೇ ಒಂದನ್ನು ಮುಟ್ಟಿದರೆ ಸಾಲದು, ದಾಟಬೇಕು: 25,000 ಬಂದರೆ ಹೋಯಿತು, 25,001 ಬಂದರೆ ಉಳಿಯಿತು. ಗೆದ್ದವರಿಗೆ ಈ ನಿಯಮವಿಲ್ಲ. ಇಪ್ಪತ್ತು ಜನ ಕಣದಲ್ಲಿದ್ದು ಮತ ಚೂರುಚೂರಾಗಿ ಅವರಿಗೆ ಆರನೇ ಒಂದಕ್ಕಿಂತ ಕಡಿಮೆ ಬಂದಿದ್ದರೂ ಹಣ ವಾಪಸ್.